ಬೇಟೆಯಲ್ಲಿ ಯಾರ ಪಾಲು ಎಷ್ಟು?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಎಂದೊಡನೆ ನಮಗೆ ನೆನಪಾಗುವುದು ಶಾಂತವ್ವನ ಕಥೆ. ಕೆರೆ ಕಟ್ಟಿಸಲು ಹೊರಟ ಈ ರಾಜಕುಮಾರಿಗೆ ಅಲ್ಲಿನ ನೆಲದ ಒಡತಿಯರಾಗಿದ್ದ ಸೂಳೆಯರು, ಕೆರೆಗೆ ತಮ್ಮ ಹೆಸರಿಟ್ಟರೆ ಮಾತ್ರ ಜಾಗ ಬಿಡುತ್ತೇವೆ ಎಂದರಂತೆ. ಕಡತಗಳಲ್ಲಿ ಇದು ಶಾಂತಿಸಾಗರವಾದರೂ ಜನರ ಬಾಯಲ್ಲಿ ಇಂದಿಗೂ ಸೂಳೆಕೆರೆಯೇ. ಸಮಾಜ ಅಂಚಿಗೆ ತಳ್ಳಿದವರ ಹೆಸರನ್ನು ಈ ಕೆರೆ ಉಳಿಸಿಕೊಂಡಿದೆ. ಇದೇ ಸೀಮೆಯ ಬೇಟೆಯ ಚರಿತ್ರೆಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ.

ಬೇಟೆ ಎಂದರೆ ನಾವು ಓದಿರುವುದು ರಾಜರ ಬೇಟೆಯನ್ನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಜಿಂಕೆಯನ್ನು ಹಿಡಿಯುವ ಬಗೆಗಳೂ ಇವೆ, ಮಾಂಸ ಬೇಯಿಸುವ ಬಗೆಗಳೂ ಇವೆ. ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯ ಅದರಲ್ಲೊಂದು. ಈ ಸಾಕುಪ್ರಾಣಿಗೆ ಕನ್ನಡದಲ್ಲಿ 'ದೀವ' ಎಂಬ ಹೆಸರೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೇ ಶತಮಾನದ ನಡುವೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನೆಟ್ಟರು. ಆದರೆ ದೀವವನ್ನು ಪಳಗಿಸಿದವನು ಯಾರು? ಹೆಜ್ಜೆ ನೋಡಿ ದಾರಿ ತೋರಿಸಿದವನು ಯಾರು? ಸತ್ತ ಮಿಗವನ್ನು ಹೊತ್ತು ತಂದು ಸುಲಿದವನು ಯಾರು? ಅವರ ಹೆಸರು ನಮಗೆ ತಿಳಿಯುವುದಿಲ್ಲ.

ನಮ್ಮ ಕಾಡುಗಳ ದೊಡ್ಡ ಮಿಗ ಕಡವೆ. ಸಿಲೋನಿನಲ್ಲಿ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರ್‌ನಂಥ ಬಿಳಿಯರು ಇದನ್ನು 'ಎಲ್ಕ್' ಎಂದೇ ಕರೆದರು. ನಿಜವಾದ ಎಲ್ಕ್ ಉತ್ತರದ ಚಳಿನಾಡಿನದು, ಕಡವೆ ಬೇರೆಯೇ ಪ್ರಾಣಿ. ಬಲಿತ ಗಂಡು ಕಡವೆ 200 ಕಿಲೋಗ್ರಾಂ ಮೀರಿ ತೂಗುವುದುಂಟು. ನಮ್ಮ ಸೆಕೆಗೆ ಇಷ್ಟು ಮಾಂಸ ಬಹಳ ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಬಿದ್ದಲ್ಲಿಯೇ ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ರೋಮ ಮಾಂಸಕ್ಕೆ ಹತ್ತದಂತೆ ಚರ್ಮ ಸುಲಿಯಬೇಕು. ಕುರಿ ಕೊಯ್ಯುವವರು ಕಲೀಜದ ಪಕ್ಕದ ಪಿತ್ತದ ಚೀಲ ಒಡೆಯದಂತೆ ಎಚ್ಚರ ವಹಿಸುತ್ತಾರೆ, ಒಡೆದರೆ ಮಾಂಸವೆಲ್ಲ ಕಹಿ. ಕಡವೆಗೆ ಪಿತ್ತಕೋಶವೇ ಇಲ್ಲ. ಕೊಬ್ಬು ಕಡಿಮೆಯಾದ ಈ ಮಾಂಸವನ್ನು ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಬೇಯಿಸಬೇಕು. ಉಳಿದದ್ದನ್ನು ಉಪ್ಪು, ಅರಿಶಿನ ಹಚ್ಚಿ ಒಣಗಿಸಬೇಕು.

ಒಂದು ಮನೆಯಿಂದ ತಿಂದು ಮುಗಿಸಲಾಗದ ಇಷ್ಟು ಮಾಂಸ ಸಹಜವಾಗಿಯೇ ಹಂಚಿಹೋಗುತ್ತಿತ್ತು. ಈಡು ಹೊಡೆದವನಿಗೆ, ಹಳು ನುಗ್ಗಿದವರಿಗೆ, ನಾಯಿ ತಂದವನಿಗೆ, ಹೊತ್ತವರಿಗೆ ಪಾಲು. ಕೋವಿ ಒಬ್ಬನದಾದರೂ ಬೇಟೆ ಎಲ್ಲರದು. ಈಡು ತಾಗಿದೊಡನೆ ಜೀವ ಹೋಗುವ ಮುನ್ನ ಬಿಸ್ಮಿ ಹೇಳಿ ಜಬಹ್ ಮಾಡಲು ಚೂರಿ ಹಿಡಿದು ಓಡುತ್ತಿದ್ದ ಮುಸ್ಲಿಮರೂ ಆ ಗುಂಪಿನಲ್ಲಿರುತ್ತಿದ್ದರು. ಬೇಟೆಯನ್ನು ಅನುಮತಿಸುವ ಕುರ್‌ಆನ್‌ನ ಐದನೇ ಅಧ್ಯಾಯವೇ ಇಹ್ರಾಮ್‌ನಲ್ಲಿರುವವರಿಗೆ ಅದನ್ನು ನಿಷೇಧಿಸುತ್ತದೆ. ಹಸಿವಿಗೆ ಅವಕಾಶ ಇದೆ, ಆದರೆ ಅದಕ್ಕೊಂದು ಎಲ್ಲೆಯೂ ಇದೆ.

ಎಲ್ಲೆ ಮೀರಿದವರು ಯಾರು? ಮೋಜಿಗಾಗಿ ಕೊಂದು ಕೊಂಬುಗಳನ್ನು ಗೋಡೆಗೆ ತೂಗಿದವರು ಉಳ್ಳವರೇ. ಬೇಟೆಗೆ ಲೈಸೆನ್ಸಿನ ಕಾಲ ಬಂದಾಗ ಅದನ್ನು ಪಡೆಯುವ ಶಕ್ತಿ ಇದ್ದದ್ದೂ ಅವರಿಗೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಬೇಟೆಗಳಿಗೆ ತಡೆ ಹಾಕಿತು. ಅದು ಬೇಕಾಗಿದ್ದ ಕಾಯ್ದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದರ ಹೊರೆ ಎಲ್ಲರ ಮೇಲೂ ಒಂದೇ ತೆರನಾಗಿ ಬೀಳಲಿಲ್ಲ. ಕೋವಿ ಕೆಳಗಿಟ್ಟ ಶ್ರೀಮಂತನಿಗೆ ಒಂದು ಹವ್ಯಾಸ ಹೋಯಿತು. ಉರುಲು, ಬಲೆಗಳನ್ನೇ ನಂಬಿದ್ದ ಹಕ್ಕಿಪಿಕ್ಕಿಗಳಿಗೆ ಹೊಟ್ಟೆಪಾಡೇ ಹೋಯಿತು.

ಹಕ್ಕಿಪಿಕ್ಕಿಗಳ ಕ್ಯಾಂಪುಗಳು ಚನ್ನಗಿರಿ ತಾಲ್ಲೂಕಿನಲ್ಲೂ ಇವೆ. ಗುಜರಾತಿಗೆ ಹತ್ತಿರವಾದ ವಾಗ್ರಿ ಅವರ ಮನೆಮಾತು. ಗೌಜಲಹಕ್ಕಿ, ಮೊಲಗಳ ಜಾಡು ಬಲ್ಲ ಇವರು ಬೇಟೆ ಬಿಟ್ಟ ಮೇಲೆ ಗಿಡಮೂಲಿಕೆ ಎಣ್ಣೆ, ಪ್ಲಾಸ್ಟಿಕ್ ಹೂವು ಮಾರುತ್ತಾ ಊರೂರು ಅಲೆದರು, ಕೊನೆಗೆ ಆಫ್ರಿಕಾಕ್ಕೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳೂ ಇದ್ದರು. ಸೂಳೆಕೆರೆಯ ಆಸುಪಾಸಿನ ಜನ ಎಣ್ಣೆ ಬಾಟಲಿ ಹಿಡಿದು ಅಷ್ಟು ದೂರ ಏಕೆ ಹೋದರು ಎಂದು ಆಗ ಹಲವರು ಅಚ್ಚರಿಪಟ್ಟರು. ಅದಕ್ಕೆ ಉತ್ತರ ಅರ್ಧ ಶತಮಾನದ ಹಿಂದಿನ ಕಾಯ್ದೆಯಲ್ಲಿದೆ, ಆ ಕಾಯ್ದೆಯ ಜೊತೆಗೆ ಬರಬೇಕಿದ್ದ, ಬಾರದೇ ಹೋದ ಬದುಕಿನ ದಾರಿಯಲ್ಲಿದೆ.

ಇದೇ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಅಭಯಾರಣ್ಯವಿದೆ. ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ಘೋಷಿಸಿದ ಕಾಡು ಇದು. 20 ಕಿಲೋಗ್ರಾಂ ಆಸುಪಾಸಿನ ಈ ನಾಚಿಕೆಯ ಪ್ರಾಣಿ ಕುರುಚಲು ಕಾಡಿನಲ್ಲಿ ಅಡಗಿ ಬದುಕುತ್ತದೆ. ಅದಕ್ಕೊಂದು ನೆಲೆ ಸಿಕ್ಕಿದ್ದು ನಮಗೆ ಸಂತೋಷವೇ. ಬೇಟೆ ಮತ್ತೆ ಬರಲಿ ಎಂದು ನಾವು ಹೇಳುತ್ತಿಲ್ಲ. ಕೊಂಡುಕುರಿಯ ಹೆಜ್ಜೆಯನ್ನು ಗುರುತಿಸಬಲ್ಲ ಕಣ್ಣುಗಳು ನಮ್ಮ ನಡುವೆ ಇನ್ನೂ ಇವೆ. ಅವನ್ನು ಕಳ್ಳನ ಕಣ್ಣುಗಳೆಂದು ನೋಡದೆ, ಕಾಡು ಕಾಯುವ ಕೆಲಸಕ್ಕೆ ಸಂಬಳ ಕೊಟ್ಟು ಕರೆದುಕೊಳ್ಳಬಾರದೇಕೆ? ಹಳೆಯ ಬೇಟೆಯಲ್ಲಿ ಹಳು ನುಗ್ಗಿದವನಿಗೂ ಒಂದು ಪಾಲಿತ್ತು. ಉಳಿದಿರುವ ಕಾಡಿನಲ್ಲಿಯೂ ಅವನಿಗೊಂದು ಪಾಲು ಇರಲಿ.