ಕನ್ನಂಬಾಡಿಯ ಕಾರಂಜಿ: ಮೂಲ ಯಾವುದು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನ ‘ಕಟ್ಟೆ’ ಎಂದೇ ಕರೆಯುವ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನಕ್ಕೆ ಹೊಸ ರೂಪ ಕೊಡುವ ಮಾತು ಬಂದಾಗಲೆಲ್ಲ, ಹಿಂದಿನ ಸೊಬಗು ಉಳಿಯುತ್ತದೆಯೇ ಎಂಬ ವಾದವೂ ಏಳುತ್ತದೆ. ವಾದಿಸುವವರು ಮೂಲವೆಂದು ನೆನೆಯುವುದು ಸಾಮಾನ್ಯವಾಗಿ ತಮ್ಮ ಶಾಲಾ ಪ್ರವಾಸದ ಸಂಜೆಯನ್ನೇ ಹೊರತು 1932ರಲ್ಲಿ ಸಿದ್ಧವಾದ ತೋಟವನ್ನಲ್ಲ. ಆದ್ದರಿಂದ ಹೋಲಿಕೆಗೆ ಇಳಿಯುವ ಮುನ್ನ ಯಾವುದರೊಡನೆ ಹೋಲಿಸಲಾಗುತ್ತಿದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ.

1911ರಲ್ಲಿ ಆರಂಭವಾದ ಅಣೆಕಟ್ಟೆ ಸುಮಾರು 8,600 ಅಡಿ ಉದ್ದ, 130 ಅಡಿ ಎತ್ತರವಿದ್ದು, ಕಲ್ಲುಗಳನ್ನು ಸಿಮೆಂಟಿನಿಂದಲ್ಲದೆ ಸುರ್ಕಿ ಗಾರೆಯಿಂದ, ಎಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣದ ಗಾರೆಯಿಂದ, ಕೂಡಿಸಿ ಕಟ್ಟಲಾಯಿತು. ಅದರ ಬುಡದ ಸುಮಾರು 60 ಎಕರೆಯಲ್ಲಿ ಉದ್ಯಾನದ ಕೆಲಸ 1927ರಲ್ಲಿ ಮೊದಲಾಯಿತು. ಮೈಸೂರು ಸಂಸ್ಥಾನದ ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ, ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ ಅವರ ವಿನ್ಯಾಸದಲ್ಲಿ, ಕಾಶ್ಮೀರದ ಶಾಲಿಮಾರ್ ಬಾಗ್ ಅನ್ನು ಮಾದರಿಯಾಗಿಟ್ಟುಕೊಂಡು ರೂಪುಗೊಂಡ ಇದರ ಆರಂಭದ ಹೆಸರು ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್. ಟೆರೇಸ್ ಎಂದರೆ ಇಲ್ಲಿ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಸಮಮಾಡಿದ ಹಾಸು. ಕಟ್ಟೆಯ ನೀರು ಒಂದು ಹಾಸಿನಿಂದ ಮತ್ತೊಂದಕ್ಕೆ ಧುಮುಕುತ್ತ ತಗ್ಗಿಗೆ ಹರಿಯುವುದೇ ಆ ವಿನ್ಯಾಸದ ಜೀವಾಳವಾಗಿತ್ತು. ಈಗ ಇದು ಸೇರಿರುವ ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ತನ್ನ ಜಿಲ್ಲೆಗಿಂತಲೂ ಹಳೆಯದಾದ ಈ ತೋಟವನ್ನು ಹೊರಗಿನವರು ಇಂದಿಗೂ ಮೈಸೂರಿನದೆಂದೇ ತಿಳಿಯುವುದರಲ್ಲಿ ಅಚ್ಚರಿಯಿಲ್ಲ.

ನೀರಿನಷ್ಟೇ ಮುಖ್ಯವಾದದ್ದು ದೀಪ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸುತ್ತಿದ್ದ ಕೇಂದ್ರಕ್ಕೆ ಬೇಸಿಗೆಯಲ್ಲೂ ನೀರು ತಪ್ಪದಂತೆ ನೋಡಿಕೊಳ್ಳುವುದು ಕಟ್ಟೆ ಕಟ್ಟಿದ ಉದ್ದೇಶಗಳಲ್ಲೊಂದು. ಬೃಂದಾವನದಲ್ಲಿ ಬಣ್ಣದ ದೀಪಗಳು ಹೊತ್ತಿಕೊಂಡ ಕಾಲಕ್ಕೆ ಸಂಸ್ಥಾನದ ಪ್ರಧಾನ ಜಲವಿದ್ಯುತ್ ಕೇಂದ್ರವೂ ಅದೇ. ಮೇಲಿನ ಕಟ್ಟೆ ಕೆಳಗಿನ ಶಿವನಸಮುದ್ರಕ್ಕೆ ನೀರು ಕೊಟ್ಟಿತು, ಶಿವನಸಮುದ್ರ ಕಟ್ಟೆಯ ಬುಡಕ್ಕೆ ಬೆಳಕು ಕೊಟ್ಟಿತು; ಕಾವೇರಿಯ ಉದ್ದಕ್ಕೂ ನಡೆದ ಈ ಕೊಡುಕೊಳ್ಳುವಿಕೆಯನ್ನು ಬಿಟ್ಟರೆ ಬೃಂದಾವನವು ಯಾವ ಊರಿನಲ್ಲಾದರೂ ಇರಬಹುದಾದ ಹೂದೋಟವಷ್ಟೇ ಆಗುತ್ತದೆ.

ಜನರ ನೆನಪಿನಲ್ಲಿ ಅತಿ ಗಾಢವಾಗಿ ಉಳಿದ ಸಂಗೀತ ಕಾರಂಜಿಯಾದರೋ ನಂತರದ ಸೇರ್ಪಡೆ.  2005ರಲ್ಲಿ ಉದ್ಯಾನವನ್ನು ಸುಮಾರು 5 ಕೋಟಿ ರೂಪಾಯಿ ವೆಚ್ಚದಲ್ಲಿ ನವೀಕರಿಸಿ, ಕೆಟ್ಟುನಿಂತ ಚಿಲುಮೆಗಳನ್ನು ದುರಸ್ತಿ ಮಾಡಿ, ಸಂಗೀತ ಕಾರಂಜಿಯನ್ನು ಡಿಜಿಟಲ್ ನಿಯಂತ್ರಣಕ್ಕೆ ಒಳಪಡಿಸಲಾಯಿತು. ಹೊಸ ಕಾರಂಜಿ ಹಳೆಯದರಂತೆ ಕುಣಿಯುವುದಿಲ್ಲ ಎನ್ನುವವರು ಒಂದು ಸೇರ್ಪಡೆಯನ್ನು ಮತ್ತೊಂದು ಸೇರ್ಪಡೆಯೊಡನೆ ಹೋಲಿಸುತ್ತಾರೆ. ಅದರಿಂದ ಅವರ ನೋವು ಹುಸಿಯಾಗುವುದಿಲ್ಲ, ಏಕೆಂದರೆ ತಲೆಮಾರುಗಳು ಕಣ್ತುಂಬಿಕೊಂಡದ್ದೂ ಇತಿಹಾಸವೇ. ಆದರೆ ದುರಸ್ತಿಯನ್ನು ಅಳೆಯುವ ಕೋಲು ಮಾತ್ರ ಅದಾಗಲಾರದು.

ಹಿನ್ನೀರಿನ ದಡದಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿ ನಿಂತಿದೆ. ಮುಳುಗಡೆಯಾಗಿದ್ದ ಹಳೆಯ ಕನ್ನಂಬಾಡಿ ಊರಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಿಚ್ಚಿ, ಕಲ್ಲುಗಳನ್ನು ಸಾಗಿಸಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಲಾಗಿದೆ. ಅಲ್ಲಿ ಕಲ್ಲು ಹಳೆಯದು, ನೆಲೆ ಹೊಸದು. ಬೃಂದಾವನದಲ್ಲಿ ನೆಲೆ ಹಳೆಯದು, ದೀಪ, ಯಂತ್ರಗಳೆಲ್ಲ ಹೊಸವು. ಎರಡರಲ್ಲಿ ಮೂಲವೆನಿಸಿಕೊಳ್ಳುವ ಬೃಂದಾವನದ ಹಕ್ಕೇ ಗಟ್ಟಿಯೆನ್ನಬೇಕು: ಕೊಳವೆಯನ್ನು ಎಷ್ಟು ಬಾರಿ ಬದಲಿಸಿದರೂ ಇಳಿಜಾರೂ ಅದರ ಮೇಲಿನ ಕಟ್ಟೆಯೂ ಇರುವವರೆಗೆ ವಿನ್ಯಾಸ ಅಳಿಯುವುದಿಲ್ಲ.

2018ರಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಮನರಂಜನಾ ಉದ್ಯಾನದ ಪ್ರಸ್ತಾವ ಬಂದಾಗ ಜಿಲ್ಲೆಯ ರೈತರು ವಿರೋಧಿಸಿದ್ದನ್ನು, ಕಟ್ಟೆ ಮತ್ತು ಅದರ ನೀರೇ ಮೂಲವೆಂಬ ಈ ಹಿನ್ನೆಲೆಯಲ್ಲಿಯೇ ಓದಬೇಕು. ವಿಶ್ವೇಶ್ವರಯ್ಯ ನಾಲೆ, ಎಂದರೆ ಮೊದಲು ಇರ್ವಿನ್ ನಾಲೆಯೆನಿಸಿಕೊಂಡಿದ್ದ ಕಾಲುವೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಬ್ಬು, ಭತ್ತದ ಗದ್ದೆಗಳಿಗೆ ಒಯ್ಯುವ ನೀರು ಇದೇ ಜಲಾಶಯದ್ದು. ಆಟದ ಯಂತ್ರಗಳ ಅಂದಚಂದಕ್ಕಿಂತ ಮೊದಲು ಕಟ್ಟೆಯ ನೀರು ಭರ್ತಿಯ ಮಟ್ಟವಾದ 124.80 ಅಡಿ ಮುಟ್ಟಿತೇ ಎಂದು ಕೇಳುವುದು ಆ ಗದ್ದೆಗಳವರ ವಾಡಿಕೆ.