ಕುಕ್ಕುವ ಸರದಿ

ಕಚೇರಿಯ ಮೇಲುಕೀಳಿಗೆ ಇಂದು ಬಳಸುವ ‘ಪೆಕಿಂಗ್ ಆರ್ಡರ್’ ಎಂಬ ಮಾತು ಹುಟ್ಟಿದ್ದು ಕೋಳಿಗೂಡಿನಲ್ಲಿ. ನಾರ್ವೆಯ ತೋರ್ಲೀಫ್ ಶೆಲ್ಡೆರುಪ್-ಎಬ್ಬೆ (1894–1976) ಬಾಲ್ಯದಿಂದಲೇ ಹೇಂಟೆಗಳನ್ನು ಒಂದೊಂದಾಗಿ ಗುರುತಿಸಿ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಗಮನಿಸುತ್ತಿದ್ದರು. 1922ರಲ್ಲಿ ಅದು ಜರ್ಮನ್ ಭಾಷೆಯಲ್ಲಿ ಪ್ರಬಂಧವಾಗಿ ಬಂತು.

ಅಪರಿಚಿತ ಕೋಳಿಗಳೆರಡು ಎದುರಾದರೆ ಜಗಳ ಹತ್ತುತ್ತದೆ. ಸೋತದ್ದು ಮುಂದೆ ಕಾದಾಡದೆ ದಾರಿ ಬಿಡುತ್ತದೆ. ಹಾಗಾಗಿ ಸರದಿ ನೆಲೆಗೊಂಡ ಹಿಂಡಿನಲ್ಲಿ ಕಾದಾಟ ಕಡಿಮೆ. ಹೊಸ ಕೋಳಿ ಬಂದರೆ ಮತ್ತೆ ಶುರು. ಹಿತ್ತಲಲ್ಲಿ ಕೋಳಿ ಸಾಕುವವರು ಹೊಸದನ್ನು ಕೆಲವು ದಿನ ಜಾಲರಿಯಾಚೆ ಇಡುವುದು, ಕಾಳು-ನೀರನ್ನು ಎರಡು ಮೂರು ಕಡೆ ಇಡುವುದು ಇದಕ್ಕೇ.

ಆದರೆ ಈ ಸರದಿ ಸದಾ ನೇರ ಏಣಿಯಲ್ಲ. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮೊದಲನೆಯದನ್ನೇ ಕುಕ್ಕುವ ತ್ರಿಕೋನಗಳನ್ನೂ ಎಬ್ಬೆ ದಾಖಲಿಸಿದರು. ಮುಂದೆ ಅವರೇ, ನಿರಂಕುಶತೆಯೇ ಲೋಕದ ಮೂಲತತ್ತ್ವ ಎನ್ನುವವರೆಗೆ ಹೋದರು. ಮನುಷ್ಯರ ಮೇಲುಕೀಳನ್ನು ‘ಪ್ರಕೃತಿ ನಿಯಮ’ವೆಂದು ಸಮರ್ಥಿಸಲು ಕೋಳಿಯನ್ನು ಸಾಕ್ಷಿಗೆ ಕರೆಯುವವರೂ ಏಣಿಯನ್ನಷ್ಟೇ ಎತ್ತಿಕೊಳ್ಳುತ್ತಾರೆ. ಸಂಶೋಧನೆಗೆ ಇಳಿದಿರುವ ನನಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ: ನಾವು ಕಟ್ಟುವ ಸಿದ್ಧಾಂತಕ್ಕಿಂತ ನಾವೇ ಬರೆದಿಟ್ಟ ಟಿಪ್ಪಣಿ ಹೆಚ್ಚು ಪ್ರಾಮಾಣಿಕವಾಗಿರಬಹುದು.