ಸದನ ಸೇರದೆಯೇ ಬಿದ್ದ ಸರ್ಕಾರ: ಬೊಮ್ಮಾಯಿ ಪ್ರಕರಣ ಮತ್ತು ಸಾಕ್ಷ್ಯಚಿತ್ರ

1989ರ ಏಪ್ರಿಲ್ 21ರಂದು ದೆಹಲಿಯಲ್ಲಿ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಟಿತು, ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಜನತಾದಳ ಸರ್ಕಾರ ಹೋಯಿತು. ಚುನಾಯಿತ ನಾಯಕನೊಬ್ಬನ ಪದಚ್ಯುತಿಯನ್ನು ಸಾಕ್ಷ್ಯಚಿತ್ರವಾಗಿಸುವವರಿಗೆ ಈ ಪ್ರಕರಣ ಒಡ್ಡುವ ತೊಡಕು ವಿಶೇಷವಾದದ್ದು. ಚಿಲಿಯ ಅಧ್ಯಕ್ಷ ಅಲೆಂಡೆ 1973ರಲ್ಲಿ ಉರುಳಿದಾಗ ಅಧ್ಯಕ್ಷರ ಅರಮನೆಯ ಮೇಲೆ ಬಾಂಬು ಬಿದ್ದದ್ದು ಕ್ಯಾಮೆರಾದಲ್ಲಿ ಉಳಿಯಿತು. ಪ್ಯಾಟ್ರಿಸಿಯೊ ಗುಸ್ಮಾನ್ ಅವರ ಸಾಕ್ಷ್ಯಚಿತ್ರ ‘ದಿ ಬ್ಯಾಟಲ್ ಆಫ್ ಚಿಲಿ’ಗೆ ಅಂಥ ದೃಶ್ಯಗಳಿದ್ದವು. ನಮ್ಮ ಪ್ರಕರಣದಲ್ಲಿ ಚಿತ್ರೀಕರಿಸಬೇಕಾಗಿದ್ದ ಘಟನೆಯೇ ನಡೆಯಲಿಲ್ಲ. ವಿಶ್ವಾಸಮತಕ್ಕೆ ಸದನ ಸೇರಲಿಲ್ಲ. ಉಳಿದಿರುವುದು ಕಾಗದ ಮಾತ್ರ.

ಆ ಕಾಗದಗಳ ದಿನಾಂಕಗಳನ್ನು ನಿಧಾನವಾಗಿ ನೋಡಬೇಕು. ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಗಿ 13 ಮಂದಿ ಹೊಸಬರು ಸೇರಿದರು. ಎರಡೇ ದಿನಕ್ಕೆ ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ಬಿಟ್ಟು, ಬೆಂಬಲ ಹಿಂತೆಗೆದುಕೊಂಡ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. 19ರಂದು ರಾಜ್ಯಪಾಲರ ಮೊದಲ ವರದಿ ದೆಹಲಿಗೆ ಹೋಯಿತು. ಅದಕ್ಕೆ ಮುಂಚೆ ಅವರು ಮುಖ್ಯಮಂತ್ರಿಯನ್ನು ಕರೆಸಿ ಒಂದು ಮಾತೂ ಕೇಳಿರಲಿಲ್ಲ. 20ರಂದು ಆ 19 ಮಂದಿಯಲ್ಲಿ ಏಳು ಜನ, ತಪ್ಪು ಮಾಹಿತಿ ಕೊಟ್ಟು ನಮ್ಮಿಂದ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಅದೇ ದಿನ ಸಂಪುಟ ಸೇರಿ 27ಕ್ಕೆ ಅಧಿವೇಶನ ನಿಗದಿ ಮಾಡಿತು. ಬೊಮ್ಮಾಯಿ ಕಾನೂನು ಮಂತ್ರಿಯೊಂದಿಗೆ ರಾಜ್ಯಪಾಲರನ್ನು ಕಂಡು, ಬೇಕಾದರೆ ಇನ್ನೂ ಮೊದಲೇ ಸದನ ಕರೆದು ಬಹುಮತ ತೋರಿಸುತ್ತೇನೆ ಎಂದರು. ರಾಷ್ಟ್ರಪತಿಗಳಿಗೂ ಟೆಲೆಕ್ಸ್ ಸಂದೇಶ ಕಳಿಸಿದರು. ರಾಜ್ಯಪಾಲರು ಅಂದೇ ಎರಡನೇ ವರದಿ ಬರೆದರು: ಏಳು ಪತ್ರಗಳು ಒತ್ತಡದಿಂದ ಬಂದವು, ಕುದುರೆ ವ್ಯಾಪಾರ ನಡೆಯುತ್ತಿದೆ.

ಅಂದರೆ ಬೆಂಬಲ ಹಿಂತೆಗೆದ ಪತ್ರಗಳನ್ನು ಅವರು ನಂಬಿದರು, ಬೆಂಬಲ ಮರಳಿಸಿದ ಪತ್ರಗಳನ್ನು ನಂಬಲಿಲ್ಲ. ಎರಡರ ಮೇಲೂ ಇದ್ದದ್ದು ಅದೇ ಏಳು ಜನರ ಸಹಿ. ಒಂದು ವಾರ ಕಾದಿದ್ದರೆ ಸದನದಲ್ಲೇ ತಲೆ ಎಣಿಸಬಹುದಿತ್ತು ಎಂಬುದು ಎಷ್ಟು ಸಲ ಓದಿದರೂ ಮನಸ್ಸನ್ನು ಕಲಕುತ್ತದೆ.

ಇಲ್ಲಿ ಗಂಟೆಗಳ ಕ್ರಮವೇ ಸಾಕ್ಷ್ಯ. ಆ ಕ್ರಮ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ವೆನೆಜುವೆಲಾದ ಉದಾಹರಣೆಯಿದೆ. 2002ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಹ್ಯೂಗೊ ಚಾವೆಸ್ ಪದಚ್ಯುತರಾಗಿ ಎರಡೇ ದಿನದಲ್ಲಿ ಮರಳಿದ ಕಥೆಯನ್ನು ಐರಿಷ್ ನಿರ್ದೇಶಕರಿಬ್ಬರು ‘ದಿ ರೆವಲ್ಯೂಷನ್ ವಿಲ್ ನಾಟ್ ಬಿ ಟೆಲಿವೈಸ್ಡ್’ನಲ್ಲಿ ಹೇಳಿದರು. ಸೇತುವೆಯೊಂದರ ಮೇಲಿನ ಗುಂಡಿನ ದೃಶ್ಯವನ್ನು ಯಾವ ಹೊತ್ತಿನ ಯಾವ ದೃಶ್ಯದ ಪಕ್ಕ ಜೋಡಿಸಿದರು ಎಂಬುದರ ಮೇಲೇ ಆ ಚಿತ್ರದ ವಿಶ್ವಾಸಾರ್ಹತೆ ವಿವಾದಕ್ಕೆ ಸಿಕ್ಕಿತು. ಬೊಮ್ಮಾಯಿ ಪ್ರಕರಣದಲ್ಲೂ ಏಳು ಪತ್ರಗಳನ್ನು ಒಂದು ದಿನ ಹಿಂದೆ ಮುಂದೆ ತೋರಿಸಿದರೆ ಇಡೀ ಕಥೆ ತಿರುಗಿಬೀಳುತ್ತದೆ.

ಘೋಷಣೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ವಜಾ ಮಾಡಿತು. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಕರ್ನಾಟಕದ ಘೋಷಣೆ ಅಸಾಂವಿಧಾನಿಕ ಎಂದಿತು. ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜ್ಯಪಾಲರ ಖಾಸಗಿ ಅಭಿಪ್ರಾಯದಲ್ಲಲ್ಲ ಎಂದಿತು. ಅಷ್ಟರಲ್ಲಿ 1989ರ ನವೆಂಬರ್ ಚುನಾವಣೆ ಮುಗಿದು, ಕಾಂಗ್ರೆಸ್ ಗೆದ್ದು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದರು. ಗೆದ್ದ ಬೊಮ್ಮಾಯಿಗೆ ಕುರ್ಚಿ ಮರಳಿಸುವ ದಾರಿ ಇರಲಿಲ್ಲ.

ಸದನವೇ ಕಟಕಟೆಯಾದ ಮೇಲೆ ಕ್ಯಾಮೆರಾ ಒಳಗೆ ಬಂತು. 2018ರ ಮೇ 19, ಶನಿವಾರ, ಮುಖ್ಯಮಂತ್ರಿ ಯಡಿಯೂರಪ್ಪನವರ ಬಹುಮತ ಪರೀಕ್ಷೆ ನೇರಪ್ರಸಾರವಾಗಬೇಕೆಂಬುದನ್ನು ಸುಪ್ರೀಂ ಕೋರ್ಟೇ ದಾಖಲಿಸಿತು. 2019ರ ಜುಲೈ 23ರಂದು ಮುಖ್ಯಮಂತ್ರಿ ಕುಮಾರಸ್ವಾಮಿ ಅವರ ಸರ್ಕಾರ 99–105ರಿಂದ ಬಿದ್ದದ್ದನ್ನು ನಾಡೇ ಕುಳಿತು ನೋಡಿತು. ಆದರೆ ಆ ದೃಶ್ಯಾವಳಿಯಲ್ಲಿ ಅತಿ ಮುಖ್ಯವಾದದ್ದು ಖಾಲಿ ಕುರ್ಚಿಗಳು. 15 ಬಂಡಾಯ ಶಾಸಕರನ್ನು ಸದನಕ್ಕೆ ಬರುವಂತೆ ಬಲವಂತ ಮಾಡಬಾರದೆಂದು ಜುಲೈ 17ರಂದು ಸುಪ್ರೀಂ ಕೋರ್ಟಿನಿಂದ ಆದೇಶ ಬಂದಿತ್ತು. ಅದೇ ವರ್ಷದ ಜನವರಿಯಲ್ಲಿ ಬಿಜೆಪಿ ಶಾಸಕರು ಗುರುಗ್ರಾಮದ ಕಡೆಯ ರೆಸಾರ್ಟ್‌ನಲ್ಲಿ ಬೀಡುಬಿಟ್ಟಾಗ ಸುದ್ದಿವಾಹಿನಿಗಳಿಗೆ ಸಿಕ್ಕಿದ್ದು ಬಹುಮಟ್ಟಿಗೆ ಗೇಟು ಮತ್ತು ಕಾರುಗಳು. ನೇರಪ್ರಸಾರದ ತುಣುಕುಗಳನ್ನಷ್ಟೇ ಪೋಣಿಸಿದ ಚಿತ್ರ ಸರ್ಕಾರ ಬಿದ್ದ ಕ್ಷಣವನ್ನು ಹೇಳೀತು, ಬೀಳಿಸಿದ ಬಗೆಯನ್ನು ಹೇಳಲಾರದು.

ಹಾಗಾಗಿ 1989ರ ಕಾಗದಗಳಿಗೇ ಮರಳುವುದು ಒಳಿತೆಂದು ನನ್ನ ಅಭಿಪ್ರಾಯ. ಸಂವಿಧಾನದ 74(2)ನೇ ವಿಧಿಯಂತೆ ಮಂತ್ರಿಮಂಡಲ ರಾಷ್ಟ್ರಪತಿಗಳಿಗೆ ಕೊಟ್ಟ ಸಲಹೆಯನ್ನು ಯಾವ ನ್ಯಾಯಾಲಯವೂ ಕೆದಕುವಂತಿಲ್ಲ. ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ಪರಿಶೀಲಿಸಬಹುದೆಂದು ಬೊಮ್ಮಾಯಿ ತೀರ್ಪೇ ಬಿಡಿಸಿ ಹೇಳಿದೆ. ರಾಜ್ಯಪಾಲರ ಎರಡು ವರದಿ, ಹತ್ತೊಂಬತ್ತು ಪತ್ರ, ಏಳು ಪತ್ರ, ಒಂದು ಟೆಲೆಕ್ಸ್: ಸಾಕ್ಷ್ಯಚಿತ್ರಕಾರ ಇವನ್ನು ಬಂದ ಹೊತ್ತಿನ ಕ್ರಮದಲ್ಲೇ, ಹಿನ್ನೆಲೆ ಸಂಗೀತವಿಲ್ಲದೆ, ಪೂರ್ತಿ ಓದಿಸಬೇಕು.